ದುಡಿಮೆ, ಹಣ, ಕಸುಬು: ಅಲ್ಪಸಂಖ್ಯಾತ ಸಮಾಜಗಳಲ್ಲಿ ಕೈಗಾರಿಕೆಯ ಬೆಳವಣಿಗೆ

೧

ಪುಣೆಯಿಂದ ಮುಂಬಯಿಗೆ ಹೋಗುವ ರೈಲುಮಾರ್ಗದಲ್ಲಿ, ಪುಣೆಗೆ ಸುಮಾರು ೩೫ ಕಿಲೋಮೀಟರು ದೂರದಲ್ಲಿ, ತಳೇಗಾಂವ ದಾಭಾಡೆ ಎಂಬ ಊರಿದೆ. ಛತ್ರಪತಿ ಶಾಹು ಮಹಾರಾಜನ ಕಾಲದಲ್ಲಿ ಸೇನಾಪತಿ ಪದವಿಯನ್ನು ಪಡೆದಿದ್ದ ದಾಭಾಡೆ ಮನೆತನದವರು ಇಲ್ಲಿ ನೆಲೆಸಿದ್ದರಿಂದ ಊರಿಗೆ ಆ ಹೆಸರು ಸೇರಿಕೊಂಡಿತು. ೧೭೩೧ರಲ್ಲಿ ಡಭೋಯಿಯ ಕಾಳಗದಲ್ಲಿ ತ್ರ್ಯಂಬಕರಾವ ದಾಭಾಡೆಯು ಮಡಿದ ತರುವಾಯ ಆ ಮನೆತನದ ಪ್ರಭಾವವು ಇಳಿಮುಖವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಊರಿನ ಹೆಸರು ಮತ್ತೆ ಹೊರಗೆ ಕೇಳಿಬಂದದ್ದು ಒಂದು ಗಾಜಿನ ಕಾರ್ಖಾನೆಯ ನಿಮಿತ್ತವಾಗಿ.

ಆ ಕಾರ್ಖಾನೆಯ ಹುಟ್ಟು ಸ್ವಾರಸ್ಯವಾದದ್ದು. ಅಂತಾಜಿ ದಾಮೋದರ ಕಾಳೆ ಎಂಬವರು, ಬಡವನೂ ಕೊಡಬಲ್ಲ ಒಂದೊಂದು ಪೈಸೆಯನ್ನು ಜನರಿಂದ ಕೂಡಿಸಿ ಆ ಹಣದಿಂದ ಸ್ವದೇಶೀ ಕೈಗಾರಿಕೆಗಳನ್ನು ಬೆಳೆಸಬೇಕೆಂಬ ವಿಚಾರವನ್ನು ಊರೂರಿಗೆ ಹೋಗಿ ಸಾರಿದರು. ಲೋಕಮಾನ್ಯ ತಿಲಕರ ಬೆಂಬಲ ದೊರೆತ ಮೇಲೆ ಅದು ‘ಪೈಸಾ ಫಂಡ್’ ಎಂಬ ಸಂಸ್ಥೆಯಾಗಿ ನೆಲೆಗೊಂಡಿತು. ಆ ನಿಧಿಯ ಹಣದಿಂದಲೇ ೧೯೦೮ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ತೆರೆಯಿತು. ಅದೇ ವರ್ಷ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ, ಅವರನ್ನು ಮಂಡಾಲೆಗೆ ಕಳುಹಿಸಲಾಯಿತು. ಹೊರದೇಶಗಳಲ್ಲಿ ಗಾಜಿನ ವಿದ್ಯೆಯನ್ನು ಕಲಿತು ಬಂದಿದ್ದ ಈಶ್ವರದಾಸ ವಾರ್ಷ್ಣೇಯರು ಆರಂಭದಲ್ಲಿ ಕಾರ್ಖಾನೆಯ ತಾಂತ್ರಿಕ ಹೊಣೆಯನ್ನು ಹೊತ್ತರು.

ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದೆಂದರೆ, ತಳೇಗಾಂವದ ಸಂಸ್ಥೆಯು ಕಾರ್ಖಾನೆಯೂ ಹೌದು, ಶಾಲೆಯೂ ಹೌದು. ಮರಳು, ಸೋಡ, ಸುಣ್ಣ ಇವುಗಳ ಪ್ರಮಾಣವನ್ನು ಪುಸ್ತಕದಿಂದ ತಿಳಿಯಬಹುದು. ಕುಲುಮೆಯ ಬಣ್ಣವನ್ನು ನೋಡಿ ಕಾವನ್ನು ಅಳೆಯುವುದು, ಕೊಳವೆಯ ತುದಿಯ ಕರಗಿದ ಗಾಜಿಗೆ ಎಷ್ಟು ಉಸಿರು ಊದಬೇಕೆಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಅದನ್ನು ಕುಲುಮೆಯ ಎದುರಿನಲ್ಲಿಯೇ ಕಲಿಯಬೇಕು. ಇಲ್ಲಿ ಕಲಿತವರು ತರುವಾಯ ದೇಶದ ಬೇರೆ ಬೇರೆ ಗಾಜಿನ ಕಾರ್ಖಾನೆಗಳಿಗೆ ಹೋಗಿ ಸೇರಿದರು. ವಾರ್ಷ್ಣೇಯರೇ ಮುಂದೆ ಸಂಯುಕ್ತ ಪ್ರಾಂತದ ಬಹಜೋಯಿಯಲ್ಲಿ ಗಾಜಿನ ಉದ್ಯಮವನ್ನು ಕಟ್ಟಿದರು. ತಳೇಗಾಂವದ ಕಾರ್ಖಾನೆ ಮಾರಿದ ಚಿಮಣಿಗಳಿಗಿಂತ ಅದು ಹೊರಗೆ ಕಳುಹಿಸಿದ ಕುಶಲಿಗಳ ಬೆಲೆಯೇ ಹೆಚ್ಚು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಸಂಖ್ಯೆಯಲ್ಲಿ ಚಿಕ್ಕದಾದ, ಇಲ್ಲವೆ ರಾಜ್ಯಾಧಿಕಾರವು ತನ್ನ ಕೈಯಲ್ಲಿಲ್ಲದ ಸಮಾಜವೊಂದು ಕೈಗಾರಿಕೆಯ ಯುಗವನ್ನು ಹೇಗೆ ಪ್ರವೇಶಿಸುತ್ತದೆ, ಅದರಿಂದ ಅದಕ್ಕೆ ಏನು ಉಳಿಯುತ್ತದೆ ಎಂಬುದು ಪ್ರಸ್ತುತ ವಿಷಯ. ಉದ್ಯಮಕ್ಕೆ ಮೂರು ಅಂಗಗಳು ಬೇಕು: ದುಡಿಯುವ ಕೈ, ಹೂಡುವ ಹಣ, ಕಲಿತ ಕಸುಬು. ೧೯೦೮ರ ಭಾರತಕ್ಕೆ ರಾಜ್ಯಾಧಿಕಾರವಿರಲಿಲ್ಲ. ಆದರೂ ಆ ಪರಾಧೀನ ಜನತೆ ತಳೇಗಾಂವದಲ್ಲಿ ಈ ಮೂರನ್ನೂ ಚಿಕ್ಕ ಪ್ರಮಾಣದಲ್ಲಿ ತನ್ನಲ್ಲಿಯೇ ಕೂಡಿಸಿಕೊಂಡಿತು. ಆದುದರಿಂದ ಅದನ್ನು ಒಂದು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಈ ಮೂರರಲ್ಲಿ ಒಂದಿದ್ದು ಉಳಿದವು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ಕರಾವಳಿಯಲ್ಲಿಯೇ ನಿದರ್ಶನಗಳಿವೆ. ಅಲ್ಲಿನ ಕೆಲವು ಸಮಾಜಗಳು ತಮ್ಮ ಮೂಲವನ್ನು ಅರಬ್ಬೀ ವರ್ತಕರಲ್ಲಿ ಕಾಣುವಂಥವು. ಆ ವಿಚಾರವು ಕೊನೆಗೆ ಅರಬ್ಬರದೇ ನಾಡಾದ ಗೆಲಿಲಿಯ ಕಡೆಗೆ ಕರೆದೊಯ್ಯುತ್ತದೆ.

೨

ಮೊದಲನೆಯ ನಿದರ್ಶನ ಮಂಗಳೂರಿನದು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಸ್ಥೆಯ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಮೊಗ್ಲಿಂಗರ ‘ಮಂಗಳೂರ ಸಮಾಚಾರ’ (೧೮೪೩), ಕಿಟ್ಟೆಲರ ನಿಘಂಟು (೧೮೯೪) ಇವುಗಳ ಮೂಲಕ ಈ ಸಂಸ್ಥೆಯ ಹೆಸರು ಕನ್ನಡಿಗರಿಗೆ ಚಿರಪರಿಚಿತವಾಗಿದೆ. ಅದರ ಕೈಗಾರಿಕೆಗಳ ಇತಿಹಾಸವು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಹೊಸ ಮತವನ್ನು ಸ್ವೀಕರಿಸಿದವನಿಗೆ ಒಡನೆಯೇ ಎದುರಾದ ಪ್ರಶ್ನೆ ಅನ್ನದ್ದು. ಜಾತಿಯಿಂದ ಹೊರಗಾದವನಿಗೆ ಮನೆಯ ಪಾಲು ತಪ್ಪುತ್ತಿತ್ತು. ಒಕ್ಕಲು ಭೂಮಿ ಕೈಬಿಡುವ ಸಂಭವವಿತ್ತು. ಮತಾಂತರ ಹೊಂದಿದವರಲ್ಲಿ ಬಹುಸಂಖ್ಯಾತರು ಬಿಲ್ಲವರು. ಕಳ್ಳು ಇಳಿಸುವ ಕಸುಬು ಮಿಶನ್ನಿನ ನೀತಿಗೆ ಒಪ್ಪತಕ್ಕದ್ದಾಗಿರಲಿಲ್ಲ. ಹೀಗೆ ಹಳೆಯ ಕಸುಬನ್ನು ಬಿಟ್ಟು ಹೊಸದು ಸಿಕ್ಕದ ಒಂದು ಚಿಕ್ಕ ಸಮಾಜವು ನಿರ್ಮಾಣವಾಯಿತು. ಅದಕ್ಕೆ ಕೆಲಸ ಒದಗಿಸುವ ಹೊಣೆ ಪಾದ್ರಿಗಳ ಮೇಲೆಯೇ ಬಿತ್ತು. ಬೇಸಾಯವೇ ಮೊದಲಾಗಿ ಹಲವು ಪ್ರಯೋಗಗಳು ನಡೆದು, ಅವುಗಳಲ್ಲಿ ಅನೇಕವು ವಿಫಲವಾದವು.

೧೮೫೧ರಲ್ಲಿ ನೇಯ್ಗೆ ಬಲ್ಲ ಹಾಲ್ಲರ್ ಎಂಬಾತನು ಯುರೋಪಿನಿಂದ ಬಂದ ತರುವಾಯ ಬಲ್ಮಠದಲ್ಲಿ ನೇಯ್ಗೆಯ ಕೈಗಾರಿಕೆ ಸುಭದ್ರವಾಯಿತು. ಖಾಕಿ ಬಣ್ಣವನ್ನು ಇಲ್ಲಿಯೇ ಕಂಡುಹಿಡಿದರೆಂಬ ಪ್ರತೀತಿಯೂ ಇದೆ. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬ ತಂತ್ರಜ್ಞನು ನೇತ್ರಾವತಿಯ ಬಳಿಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ನದೀತೀರದ ಜೇಡಿ, ಘಟ್ಟದ ಸೌದೆ, ಬಂದರಿನ ಹಡಗು ಈ ಮೂರೂ ಒಂದೆಡೆ ದೊರೆತ ಕಾರಣ ಉದ್ಯಮವು ಬೇಗನೆ ಬೆಳೆಯಿತು. ಕುದ್ರೋಳಿ, ಮಲ್ಪೆಗಳಲ್ಲಿಯೂ ಮಲಬಾರಿನ ಕಲ್ಲಿಕೋಟೆ, ಕೋಡಕ್ಕಲ್, ಪಾಲ್ಘಾಟ್, ಫೆರೋಕ್‌ಗಳಲ್ಲಿಯೂ ಶಾಖೆಗಳು ತೆರೆದವು. ‘ಮಂಗಳೂರು ಹಂಚು’ ಸಮುದ್ರದಾಚೆಯ ನಾಡುಗಳಿಗೂ ಹೋಯಿತು.

ಈ ಕಾರ್ಖಾನೆಗಳು ಒಂದು ಸಮಾಜದ ಬದುಕನ್ನು ಕಟ್ಟಿದವೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ದುಡಿಮೆ ದೊರೆಯಿತು. ಗಂಟೆಯ ಲೆಕ್ಕದ ಶಿಸ್ತು, ಭಾನುವಾರದ ವಿರಾಮ, ಓದುಬರಹ, ಹೆಂಗಸರಿಗೂ ಕೂಲಿ ಇವೆಲ್ಲ ಬಂದವು. ನೇಯ್ಗೆ, ಅಚ್ಚುಮೊಳೆ, ಯಂತ್ರ ದುರಸ್ತಿ, ಹಂಚಿನ ಅಚ್ಚು ಮುಂತಾದ ಕಸುಬುಗಳೂ ಬಂದವು. ಆದರೆ ಒಡೆತನವು ಬರಲಿಲ್ಲ. ಕಾರ್ಖಾನೆಗಳ ಬಂಡವಾಳವೂ ಅವುಗಳ ಲೆಕ್ಕಪತ್ರವೂ ಬಾಸೆಲಿನ ಕೈಯಲ್ಲಿದ್ದವು. ಕಾರ್ಮಿಕನು ಪ್ರಾರ್ಥಿಸುವ ಗುಡಿಯೂ, ಅವನ ಮಕ್ಕಳು ಕಲಿಯುವ ಶಾಲೆಯೂ, ಅವನಿಗೆ ಕೂಲಿ ಕೊಡುವ ಕಾರ್ಖಾನೆಯೂ ಒಂದೇ ಸಂಸ್ಥೆಯವು. ಅಂಥ ಆಶ್ರಯದಲ್ಲಿ ಸುಖವೂ ಇತ್ತು. ಸ್ವತಂತ್ರವಾಗಿ ಉದ್ಯಮ ಹೂಡುವ ಸಾಹಸಕ್ಕೆ ಎಡೆ ಕಡಿಮೆಯಿತ್ತು.

ಅದೇ ಊರಿನ ರೋಮನ್ ಕ್ಯಾಥೊಲಿಕರ ದಾರಿ ಬೇರೆಯಾಗಿತ್ತು. ಅವರೂ ಅಲ್ಪಸಂಖ್ಯಾತರೇ, ಟಿಪ್ಪುವಿನ ಕಾಲದಲ್ಲಿ ೧೭೮೪ರಿಂದ ಶ್ರೀರಂಗಪಟ್ಟಣದ ಸೆರೆಯನ್ನು ಅನುಭವಿಸಿ ಹಿಂದಿರುಗಿದವರ ಸಂತತಿ. ಆದರೆ ಅವರಲ್ಲಿ ಭೂಮಿಯೂ ವ್ಯಾಪಾರವೂ ಇದ್ದ ಮನೆತನಗಳಿದ್ದವು. ಜೆಪ್ಪುವಿನ ಕಾರ್ಖಾನೆ ತೆರೆದ ಮೂರೇ ವರ್ಷಗಳಲ್ಲಿ, ೧೮೬೮ರಲ್ಲಿ, ಆಲ್ಬುಕರ್ಕ್ ಮನೆತನದವರು ಸ್ವಂತ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅವರ ಹಿಂದೆ ಇತರರೂ ಬಂದರು. ಜೇಡಿ ಅದೇ, ನದಿ ಅದೇ, ಹಂಚಿನ ಆಕಾರವೂ ಅದೇ. ಒಬ್ಬರಿಗೆ ಕೂಲಿ ದೊರೆತು ಇನ್ನೊಬ್ಬರಿಗೆ ಕಾರ್ಖಾನೆ ದೊರೆಯಲು ಕಾರಣ ಹೂಡುವ ಹಣ.

೩

ಈ ವ್ಯತ್ಯಾಸದ ಫಲವು ಸ್ಪಷ್ಟವಾಗಿ ಹೊರಬಿದ್ದದ್ದು ೧೯೧೪ರ ಮಹಾಯುದ್ಧದಲ್ಲಿ. ಯುದ್ಧವು ತಳೇಗಾಂವಕ್ಕೂ ಮಂಗಳೂರಿಗೂ ಏಕಕಾಲದಲ್ಲಿ ತಟ್ಟಿತು. ಪರಿಣಾಮ ಮಾತ್ರ ವಿರುದ್ಧವಾಗಿತ್ತು. ಅದುವರೆಗೆ ಭಾರತದ ಪೇಟೆಗಳಿಗೆ ಬಳೆ, ಮಣಿ, ದೀಪದ ಗಾಜು ಮೊದಲಾದವು ಆಸ್ಟ್ರಿಯ ಸಾಮ್ರಾಜ್ಯದಿಂದಲೂ ಇತರ ಯುರೋಪೀಯ ದೇಶಗಳಿಂದಲೂ ಹೇರಳವಾಗಿ ಬರುತ್ತಿದ್ದವು. ಹಡಗುಗಳು ನಿಂತೊಡನೆ ಆ ಸರಕು ನಿಂತಿತು. ಜಪಾನಿನ ಸ್ಪರ್ಧೆ ಇದ್ದರೂ ಸ್ವದೇಶೀ ಗಾಜಿನ ಕಾರ್ಖಾನೆಗಳಿಗೆ ಉಸಿರಾಡಲು ಅವಕಾಶ ದೊರೆಯಿತು. ಕಸುಬು ಬಲ್ಲ ಕೈಗಳು ಆಗಲೇ ಸಿದ್ಧವಾಗಿದ್ದುದರಿಂದ ಆ ಅವಕಾಶವನ್ನು ಬಳಸಿಕೊಳ್ಳುವುದು ಸಾಧ್ಯವಾಯಿತು.

ಮಂಗಳೂರಿನಲ್ಲಿಯಾದರೋ ಮಿಶನ್ನಿನ ಜರ್ಮನ್ ಪಾದ್ರಿಗಳು ಶತ್ರುದೇಶದ ಪ್ರಜೆಗಳೆಂದು ಎಣಿಸಲ್ಪಟ್ಟರು. ಅವರನ್ನು ಬಂಧನದಲ್ಲಿಟ್ಟು ತರುವಾಯ ಸ್ವದೇಶಕ್ಕೆ ಕಳುಹಿಸಲಾಯಿತು. ಕೈಗಾರಿಕೆಗಳನ್ನು ಸರಕಾರವು ಸ್ವಾಧೀನಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ‘ಕಾಮನ್‌ವೆಲ್ತ್ ಟ್ರಸ್ಟ್’ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ತಲೆಮಾರುಗಳಿಂದ ಅಲ್ಲಿ ದುಡಿದಿದ್ದ ಕ್ರೈಸ್ತ ಸಮಾಜಕ್ಕೆ ಒಡೆಯ ಬದಲಾದನೆಂಬ ಸುದ್ದಿಯು ಹೊರಗಿನಿಂದ ಬಂದಿತೇ ವಿನಾ ಆ ನಿರ್ಣಯದಲ್ಲಿ ಅದಕ್ಕೆ ಪಾಲಿರಲಿಲ್ಲ. ಕೂಲಿಯು ಮುಂದುವರಿಯಿತು. ತಮ್ಮ ಬೆವರಿನಿಂದ ಬೆಳೆದ ಸಂಸ್ಥೆಯ ಭವಿತವ್ಯವನ್ನು ಇತರರು ದೂರದಲ್ಲಿ ಕುಳಿತು ತೀರ್ಮಾನಿಸಿದರು.

ಇದನ್ನು ಮಿಶನ್ನಿನ ಮೇಲಣ ಆರೋಪವೆಂದು ತಿಳಿಯಬಾರದು. ನಿರಾಶ್ರಿತರಾದವರಿಗೆ ಮೊದಲು ಅನ್ನ ಬೇಕು. ಅದನ್ನು ಅದು ಕೊಟ್ಟಿತು. ದುಡಿಮೆಯೂ ಕಸುಬೂ ಇದ್ದು ಹಣವಿಲ್ಲದ ಸಮಾಜದ ಸ್ಥಿತಿ ಎಷ್ಟು ಪರಾವಲಂಬಿ ಎಂಬುದಷ್ಟೇ ಇಲ್ಲಿ ಗ್ರಹಿಸಬೇಕಾದ ಅಂಶ.

೪

ಕರಾವಳಿಯ ಇನ್ನೊಂದು ತುದಿಯಲ್ಲಿ ಇದಕ್ಕೆ ಪ್ರತಿಯಾದ ಸ್ಥಿತಿಯಿದೆ. ಭಟಕಳ, ಹೊನ್ನಾವರಗಳ ನವಾಯತರು ಅರಬ್ಬೀ ಮತ್ತು ಪಾರಸೀಕ ವರ್ತಕರ ಸಂತತಿಯವರೆಂದು ಪರಂಪರೆ ಹೇಳುತ್ತದೆ. ಅವರ ನವಾಯತಿ ಭಾಷೆ ಕೊಂಕಣಿಯ ಬುಡದ ಮೇಲೆ ಅರಬ್ಬಿ, ಪಾರಸಿ ಪದಗಳನ್ನು ಹೊತ್ತು ಬೆಳೆದದ್ದು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರವನ್ನು ಕಂಡ ಇಬ್ನ್ ಬತೂತನು ಅಲ್ಲಿ ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಶಾಲೆಗಳಿದ್ದುವೆಂದು ಬರೆದಿದ್ದಾನೆ. ವಿಜಯನಗರದ ಕಾಲದಲ್ಲಿ ಭಟಕಳವು ಕುದುರೆಗಳು ಬಂದಿಳಿಯುವ, ಮೆಣಸು ಹೊರಡುವ ಬಂದರು. ೧೫೦೨ರಲ್ಲಿ ವಾಸ್ಕೊ ಡ ಗಾಮನು ಅದರ ಮೇಲೆ ಬಲಪ್ರಯೋಗ ಮಾಡಿದ ಮೇಲೆ ಸಮುದ್ರ ವ್ಯಾಪಾರದ ಸ್ವಾತಂತ್ರ್ಯವು ಕ್ರಮೇಣ ಕುಗ್ಗಿತು.

ಸಮುದ್ರದ ದಾರಿ ಮುಚ್ಚಿದರೂ ವ್ಯಾಪಾರದ ಬುದ್ಧಿ ಮುಚ್ಚಲಿಲ್ಲ. ಭಟಕಳದ ವರ್ತಕರು ಮದರಾಸು, ಕಲಕತ್ತೆ, ಮುಂಬಯಿಗಳಲ್ಲಿ ಅಂಗಡಿಗಳನ್ನು ತೆರೆದರು. ೧೯೭೦ರ ದಶಕದಿಂದೀಚೆಗೆ ದುಬೈ ಮೊದಲಾದ ಕೊಲ್ಲಿ ಪಟ್ಟಣಗಳಿಗೆ ಹೋದರು. ಹಣ ಊರಿಗೆ ಬಂದಿತು. ಅದರ ಒಂದು ಭಾಗವು ವಿದ್ಯೆಗೆ ಸಂದಿತು: ೧೯೧೯ರಲ್ಲಿ ಹುಟ್ಟಿದ ಅಂಜುಮನ್ ಸಂಸ್ಥೆಯು ಶಾಲೆಗಳಿಂದ ಆರಂಭಿಸಿ ೧೯೮೦ರಲ್ಲಿ ಇಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆದದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಹಣವು ಮನೆ, ಅಂಗಡಿ, ಶಾಲೆಗಳಾಗಿ ಬದಲಾದಷ್ಟು ಕಾರ್ಖಾನೆಯಾಗಿ ಬದಲಾಗಲಿಲ್ಲ. ಕಲಿತ ಯುವಕನಿಗೆ ಊರಿನಲ್ಲಿ ಉದ್ಯೋಗವಿಲ್ಲದೆ ಅವನೂ ಹಡಗನ್ನೋ ವಿಮಾನವನ್ನೋ ಹತ್ತಬೇಕಾಯಿತು. ಇಲ್ಲಿ ಹಣವಿದೆ, ವಿದ್ಯೆಯಿದೆ; ಅವೆರಡನ್ನೂ ದುಡಿಮೆಯೊಡನೆ ಊರಿನಲ್ಲಿಯೇ ಜೋಡಿಸುವ ಕೈಗಾರಿಕೆ ಮಾತ್ರ ಬೆಳೆಯಲಿಲ್ಲ.

ಕರಾವಳಿಯ ಮತ್ತೊಂದು ಮುಸ್ಲಿಂ ಸಮಾಜ ಬ್ಯಾರಿಗಳದು. ‘ಬ್ಯಾರ’ ಎಂಬ ತುಳುಮಾತಿಗೆ ವ್ಯಾಪಾರವೆಂದು ಅರ್ಥ. ಸಮುದ್ರವೆಂಬರ್ಥದ ಅರಬ್ಬಿಯ ‘ಬಹರ್’ ಶಬ್ದದಿಂದ ಆ ಹೆಸರು ಬಂದಿತೆಂಬ ವಾದವೂ ಇದೆ. ಹೆಸರಿನಲ್ಲಿ ವ್ಯಾಪಾರವಿದ್ದರೂ ಇವರಲ್ಲಿ ಬಡಕುಟುಂಬಗಳೇ ಬಹಳ. ದಕ್ಷಿಣ ಕನ್ನಡದಲ್ಲಿ ಬೀಡಿಯ ಉದ್ಯಮವು ಬೆಳೆದಾಗ ಬಿಲ್ಲವರೇ ಮೊದಲಾದ ಇತರ ಸಮಾಜದ ಹೆಂಗಸರಂತೆ ಬ್ಯಾರಿ ಹೆಂಗಸರೂ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಸುತ್ತಿದರು. ಎಲೆಯೂ ಹೊಗೆಸೊಪ್ಪೂ ಹೊರಗಿನಿಂದ ಬರುತ್ತವೆ. ಗುತ್ತಿಗೆದಾರನು ಅವನ್ನು ತೂಗಿ ಕೊಟ್ಟು, ಸುತ್ತಿದ ಬೀಡಿಯನ್ನು ಎಣಿಸಿ ಕೊಳ್ಳುತ್ತಾನೆ. ದುಡಿಯುವವಳಿಗೆ ಕಾರ್ಖಾನೆಯ ಮುಖದ ಪರಿಚಯವೇ ಇರುವುದಿಲ್ಲ. ೧೯೬೬ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಬಂದು, ಮನೆಯಲ್ಲಿ ಸುತ್ತುವವರೂ ಕಾರ್ಮಿಕರೇ ಎಂದು ಅಂಗೀಕೃತವಾಯಿತು. ಮಂಗಳೂರಿನ ಒಂದು ಬೀಡಿ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೪ರಲ್ಲಿ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಇಲ್ಲಿ ದುಡಿಮೆಯೊಂದೇ ಇದೆ. ಬೀಡಿ ಸುತ್ತುವುದು ನಯವಾದ ಕೈಚಳಕವೇ ಸರಿ. ಆದರೆ ಇನ್ನೊಂದು ಉದ್ಯಮಕ್ಕೆ ಒಯ್ಯಬಲ್ಲ ಕಸುಬಲ್ಲ. ಗಾಜಿನವನ ಕಸುಬಿಗೂ ಇದಕ್ಕೂ ಇರುವ ಅಂತರ ಇದೇ.

ಹಾಗಾದರೆ ಅಲ್ಪಸಂಖ್ಯಾತ ಸಮಾಜದ ಹಣವು ಉತ್ಪಾದಕವಾಗುವ ದಾರಿ ಯಾವುದು? ಉಡುಪಿಯಲ್ಲಿ ಒಂದು ಉತ್ತರ ದೊರೆಯಿತು. ಪೈಸಾ ಫಂಡು ಬೆಳೆಯುತ್ತಿದ್ದ ಸ್ವದೇಶೀ ಚಳವಳಿಯ ದಿನಗಳಲ್ಲಿಯೇ, ೧೯೦೬ರಲ್ಲಿ, ಮುಸ್ಲಿಂ ವರ್ತಕರಾದ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಇತರ ಮತದ ಸಹಕಾರಿಗಳೊಡನೆ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್’ ಎಂಬ ಬ್ಯಾಂಕನ್ನು ಸ್ಥಾಪಿಸಿದರು. ಆರಂಭದ ಬಂಡವಾಳ ೫,೦೦೦ ರೂಪಾಯಿ. ಮೊದಲ ದಿನದ ಸಂಗ್ರಹವು ೩೮ ರೂಪಾಯಿ ೧೩ ಆಣೆ ೨ ಪೈ. ಈ ಬ್ಯಾಂಕು ೧೯೭೨ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರನ್ನು ಪಡೆದು, ೧೯೮೦ರಲ್ಲಿ ರಾಷ್ಟ್ರೀಕರಣಗೊಂಡು, ೨೦೨೦ರ ಏಪ್ರಿಲ್ ೧ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸ್ಥಾಪಕರು ಅಲ್ಪಸಂಖ್ಯಾತರಾಗಿದ್ದರೂ ಅದು ಒಂದು ಮತದ ನಿಧಿಯಾಗಿರಲಿಲ್ಲ. ಊರಿನ ಎಲ್ಲರ ಚಿಕ್ಕ ಉಳಿತಾಯವನ್ನು ಒಂದೆಡೆ ಕೂಡಿಸಿ, ಅಗತ್ಯವಿದ್ದವನಿಗೆ ಸಾಲವಾಗಿ ಕೊಡುವುದೇ ಅದರ ಕಾರ್ಯ. ಪೈಸೆ ಕೂಡಿಸುವ ಕಾಳೆಯವರಿಗೂ ಠೇವಣಿ ಕೂಡಿಸುವ ಹಾಜಿಯವರಿಗೂ ಒಂದೇ ತತ್ತ್ವವು ಹೊಳೆದಿತ್ತು: ಬಿಡಿಯಾಗಿ ಉಪಯೋಗಕ್ಕೆ ಬಾರದ ಹಣವು ಇಡಿಯಾದಾಗ ಬಂಡವಾಳವಾಗುತ್ತದೆ.

೫

ಈವರೆಗೆ ಹೇಳಿದ ಸಮಾಜಗಳಿಗೆ ರಾಜ್ಯವು ವಿಶೇಷ ಸಹಾಯ ಮಾಡದಿದ್ದರೂ ದಾರಿಯನ್ನು ಕಟ್ಟಲಿಲ್ಲ. ರಾಜ್ಯದ ನೀತಿಯೇ ದಾರಿಯನ್ನು ನಿರ್ಣಯಿಸುವಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ಇಸ್ರೇಲಿನ ಅರಬ್ಬರ ವೃತ್ತಾಂತವನ್ನು ನೋಡಬೇಕು.

ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೀನಿನಲ್ಲಿ ಅರಬ್ಬರ ಕೈಗಾರಿಕೆ ಚಿಕ್ಕದಾದರೂ ಇಲ್ಲದಿರಲಿಲ್ಲ. ಹೈಫಾದಲ್ಲಿ ಕರಮಾನ್, ದಿಕ್ ಮತ್ತು ಸಲ್ತಿ ಎಂಬವರ ಸಿಗರೇಟು ಕಾರ್ಖಾನೆ ಪ್ರಸಿದ್ಧವಾಗಿತ್ತು. ೧೯೩೦ರಲ್ಲಿ ಅಬ್ದುಲ್ ಹಮೀದ್ ಶೋಮಾನರು ಜೆರೂಸಲೇಮಿನಲ್ಲಿ ಅರಬ್ ಬ್ಯಾಂಕನ್ನು ಸ್ಥಾಪಿಸಿದರು. ೧೯೪೮ರ ಯುದ್ಧದಲ್ಲಿ ಪಟ್ಟಣದ ವರ್ತಕರೂ ಉದ್ಯಮಿಗಳೂ ಬಹುಮಟ್ಟಿಗೆ ನಿರಾಶ್ರಿತರಾಗಿ ಹೊರಬಿದ್ದರು. ಇಸ್ರೇಲಿನ ಬ್ಯಾಂಕುಗಳಲ್ಲಿದ್ದ ನಿರಾಶ್ರಿತ ಅರಬ್ಬರ ಖಾತೆಗಳನ್ನು ಸರಕಾರವು ತಡೆಹಿಡಿಯಿತು. ಅರಬ್ ಬ್ಯಾಂಕು ತನ್ನ ಕೇಂದ್ರವನ್ನು ಅಮ್ಮಾನಿಗೆ ಸಾಗಿಸಿ, ತನ್ನ ಠೇವಣಿದಾರರಿಗೆಲ್ಲ ಹಣವನ್ನು ಸಲ್ಲಿಸಿ ಹೆಸರು ಪಡೆಯಿತು. ಆದರೆ ಆ ಬಂಡವಾಳವು ಇಸ್ರೇಲಿನಲ್ಲಿಯೇ ಉಳಿದ ಅರಬ್ಬರಿಗೆ ಒದಗುವಂತಿರಲಿಲ್ಲ.

ಉಳಿದವರು ಸುಮಾರು ಒಂದೂವರೆ ಲಕ್ಷ. ಬಹುಪಾಲು ಗೆಲಿಲಿ ಮುಂತಾದ ಕಡೆಗಳ ಹಳ್ಳಿಗರು. ೧೯೬೬ರವರೆಗೆ ಅವರ ಪ್ರದೇಶಗಳಲ್ಲಿ ಸೈನಿಕ ಆಡಳಿತವಿತ್ತು. ಬೇರೆ ಊರಿಗೆ ಕೆಲಸಕ್ಕೆ ಹೋಗಲು ಪರವಾನಗಿ ಬೇಕಾಗಿತ್ತು. ಅವರ ಭೂಮಿಯ ಬಹುಭಾಗವನ್ನು ಸರಕಾರವು ಸ್ವಾಧೀನಪಡಿಸಿಕೊಂಡಿತು. ಭೂಮಿ ತಪ್ಪಿದ ರೈತನು ಕಟ್ಟಡದ ಕೂಲಿಯಾಗಿಯೋ ಕಾರ್ಖಾನೆಯ ಆಳಾಗಿಯೋ ಯೆಹೂದ್ಯರ ಪಟ್ಟಣಗಳಿಗೆ ದಿನವೂ ಹೋಗಿಬರುವವನಾದನು. ಕಾರ್ಮಿಕ ಒಕ್ಕೂಟವಾದ ಹಿಸ್ತದ್ರೂತ್ ಅರಬ್ಬರನ್ನು ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಳ್ಳಲು ತೀರ್ಮಾನಿಸಿದ್ದೇ ೧೯೫೯ರಲ್ಲಿ.

ಅರಬ್ಬರ ಊರುಗಳಿಗೆ ಕಾರ್ಖಾನೆ ಏಕೆ ಬರಲಿಲ್ಲ? ೧೯೫೦ ಮತ್ತು ೧೯೫೯ರ ಬಂಡವಾಳ ಪ್ರೋತ್ಸಾಹ ಕಾನೂನುಗಳ ಮೇರೆಗೆ ಸಹಾಯವು ‘ಅಭಿವೃದ್ಧಿ ಪ್ರದೇಶ’ವೆಂದು ಗೊತ್ತುಪಡಿಸಿದ ಊರುಗಳಿಗೆ ಸಲ್ಲುತ್ತಿತ್ತು; ಆ ಪಟ್ಟಿಯಲ್ಲಿ ಅರಬ್ಬರ ಊರುಗಳು ಬಹಳ ಕಾಲ ವಿರಳವಾಗಿದ್ದವು. ನಜರೇತಿನ ಉದಾಹರಣೆ ಎದ್ದುಕಾಣುವಂಥದು. ೧೯೫೭ರಲ್ಲಿ ಅದರ ಮೇಲಣ ಗುಡ್ಡದಲ್ಲಿ ‘ಮೇಲಿನ ನಜರೇತ್’ ಎಂಬ ಯೆಹೂದ್ಯರ ಹೊಸ ಪಟ್ಟಣವು ಎದ್ದಿತು. ಕೈಗಾರಿಕಾ ವಲಯವು ಅಲ್ಲಿಗೆ ಹೋಯಿತು. ಕೆಳಗಿನ ಊರಿನ ಅರಬ್ಬನು ಗುಡ್ಡ ಹತ್ತಿ ದುಡಿದು ಬಂದರೂ ಕಾರ್ಖಾನೆ ತೆರುವ ಪುರಸಭೆಯ ತೆರಿಗೆಯು ಮೇಲಿನ ಊರಿಗೇ ಸಲ್ಲುತ್ತಿತ್ತು. ಕೂಲಿ ಮಾತ್ರ ಕೆಳಗಿಳಿಯಿತು. ರಸ್ತೆ, ಶಾಲೆ, ನೀರುಗಳಿಗೆ ಬೇಕಾದ ಆದಾಯವು ಇಳಿಯಲಿಲ್ಲ. ಭೂಸ್ವಾಧೀನದ ವಿರುದ್ಧ ೧೯೭೬ರ ಮಾರ್ಚ್ ೩೦ರಂದು ನಡೆದ ಪ್ರತಿಭಟನೆಯಲ್ಲಿ ಆರು ಮಂದಿ ಮಡಿದರು. ಆ ದಿನವನ್ನು ಇಂದಿಗೂ ‘ಭೂಮಿ ದಿನ’ವೆಂದು ಆಚರಿಸುತ್ತಾರೆ.

ಹಳ್ಳಿಗಳಿಗೆ ಬಂದ ಒಂದು ಕೈಗಾರಿಕೆಯೆಂದರೆ ಹೊಲಿಗೆ. ದೊಡ್ಡ ಬಟ್ಟೆ ಸಂಸ್ಥೆಗಳು ಅರಬ್ ಹಳ್ಳಿಗಳಲ್ಲಿ ಚಿಕ್ಕ ಹೊಲಿಗೆಶಾಲೆಗಳಿಗೆ ಕೆಲಸ ಕೊಟ್ಟವು. ಹೊರಗೆ ಹೋಗಲು ಅನುಕೂಲವಿಲ್ಲದ ಹೆಂಗಸರು ಊರಿನಲ್ಲಿಯೇ ಸಂಬಳ ಕಂಡರು. ಆದರೆ ೧೯೯೪ರಲ್ಲಿ ಜೋರ್ಡಾನಿನೊಡನೆ ಸಂಧಿಯಾದ ಬಳಿಕ ಇನ್ನೂ ಅಗ್ಗದ ಕೂಲಿ ದೊರೆಯುವ ಜೋರ್ಡಾನ್, ಈಜಿಪ್ತುಗಳಿಗೆ ಹೊಲಿಗೆಯು ವಲಸೆಹೋಯಿತು. ಸಾವಿರಾರು ಹೆಂಗಸರ ಕೆಲಸ ಹೋಯಿತು. ಎರಡು ದೇಶಗಳ ಸಂಧಿಯು ಹಳ್ಳಿಯ ಹೆಂಗಸಿನ ಕೆಲಸವನ್ನು ಕಸಿದದ್ದು ವಿಪರ್ಯಾಸವಾಗಿ ಕಂಡರೂ ಅದರ ಹಿಂದಿನ ಕಾರಣ ಸರಳ. ಸರಕು, ಯಂತ್ರ, ಪೇಟೆ ಯಾವುದೂ ಅವಳದಲ್ಲ. ಈ ವಿಷಯದಲ್ಲಿ ಗೆಲಿಲಿಯ ಹೊಲಿಗೆಯವಳಿಗೂ ಮಂಗಳೂರಿನ ಬೀಡಿಯವಳಿಗೂ ಭೇದವಿಲ್ಲ.

ಈಚೆಗೆ ಕೆಲವು ಬದಲಾವಣೆಗಳಾಗಿವೆ. ೨೦೧೩ರಲ್ಲಿ ನಜರೇತಿನಲ್ಲಿಯೇ ಒಂದು ಕೈಗಾರಿಕಾ ವಸಾಹತು ತೆರೆಯಿತು. ೨೦೧೫ರ ಕೊನೆಯಲ್ಲಿ ಇಸ್ರೇಲ್ ಸರಕಾರವು ೯೨೨ನೆಯ ನಿರ್ಣಯದ ಮೂಲಕ ಅರಬ್ ಸಮಾಜದ ಆರ್ಥಿಕ ಬೆಳವಣಿಗೆಗೆ ಪಂಚವಾರ್ಷಿಕ ಯೋಜನೆಯನ್ನು ಅಂಗೀಕರಿಸಿತು. ನಜರೇತಿನ ಅರಬ್ ಇಂಜಿನಿಯರುಗಳು ಗಣಕ ಉದ್ಯಮವನ್ನು ಪ್ರವೇಶಿಸಿದ್ದಾರೆ. ಕಸುಬಿನ ಬಲದಿಂದ ಬಾಗಿಲು ತೆರೆಯುವ ಪ್ರಯತ್ನ ಇದು. ಆದರೂ ಭೂಮಿ ಮತ್ತು ಬಂಡವಾಳದ ಕೊರತೆಯನ್ನು ಕಸುಬೊಂದೇ ತುಂಬಲಾರದು.

೬

ಗೆಲಿಲಿಯಿಂದ ಮತ್ತೆ ತಳೇಗಾಂವಕ್ಕೆ ಬರುವುದು ಇಂದಿನ ಪರಿಸ್ಥಿತಿಯನ್ನು ಈ ಅಳತೆಗೋಲಿನಿಂದ ನೋಡುವುದಕ್ಕಾಗಿ. ಪೈಸಾ ಫಂಡಿನ ಊರಿನ ಸುತ್ತ ಈಗ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಿಸ್ತಾರವಾದ ವಸಾಹತು ಬೆಳೆದಿದೆ. ಮಾವಳದ ರೈತರ ಹೊಲಗಳು ಕಾರ್ಖಾನೆಯ ಅಂಗಳಗಳಾಗಿವೆ. ೨೦೦೮ರಲ್ಲಿ ಜನರಲ್ ಮೋಟರ್ಸ್ ಇಲ್ಲಿ ಕಾರುಗಳ ತಯಾರಿಕೆಯನ್ನು ಆರಂಭಿಸಿತು. ೨೦೨೦ರ ಕೊನೆಗೆ ನಿಲ್ಲಿಸಿತು. ಸಾವಿರಕ್ಕೂ ಮಿಕ್ಕ ಕಾರ್ಮಿಕರು ಅತಂತ್ರರಾದರು. ೨೦೨೪ರ ಆರಂಭದಲ್ಲಿ ಆ ಸ್ಥಾವರವು ಹ್ಯುಂಡೈ ಸಂಸ್ಥೆಯ ಕೈಸೇರಿತು. ಜೆಪ್ಪುವಿನ ಕಾರ್ಖಾನೆಯ ಭವಿಷ್ಯ ಬಾಸೆಲಿನಲ್ಲಿ, ತರುವಾಯ ಲಂಡನ್ನಿನಲ್ಲಿ ನಿರ್ಣಯವಾದಂತೆ ಇದರ ಭವಿಷ್ಯವು ಡೆಟ್ರಾಯಿಟಿನಲ್ಲಿಯೂ ಸಿಯೋಲಿನಲ್ಲಿಯೂ ನಿರ್ಣಯವಾಯಿತು.

ಪುಣೆಯ ಈ ಕೈಗಾರಿಕಾ ಪಟ್ಟಿಯಲ್ಲಿ ಕನ್ನಡಿಗರು ಬಹುಮಂದಿ ಇದ್ದಾರೆ. ಕಲಬುರಗಿ, ಬೀದರ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಕರಾವಳಿಯಿಂದ ಬಂದು ಹೋಟೆಲು ನಡೆಸುವವರು, ಕಾರ್ಖಾನೆಯ ಇಂಜಿನಿಯರುಗಳು, ಬ್ಯಾಂಕು ಕಚೇರಿಗಳ ನೌಕರರು. ಇವರು ಭಾಷಾ ಅಲ್ಪಸಂಖ್ಯಾತರು. ಇವರ ಸ್ಥಿತಿಯನ್ನು ಗೆಲಿಲಿಯ ಅರಬ್ಬರ ಸ್ಥಿತಿಗೆ ಹೋಲಿಸುವುದು ಸತ್ಯಕ್ಕೆ ದೂರವಾದ ಮಾತಾದೀತು; 

ಸಮಾನ ನಾಗರಿಕತ್ವವೂ ಸಂಚಾರದ ಸ್ವಾತಂತ್ರ್ಯವೂ ಇವರಿಗೆ ಸಂವಿಧಾನದಿಂದ ದೊರೆತಿವೆ. ಭೂಮಿಯನ್ನು ಕಳೆದುಕೊಂಡವರು ಇಲ್ಲಿ ಕನ್ನಡಿಗರಲ್ಲ, ಮಾವಳದ ಮರಾಠಿ ರೈತರು. ಅವರ ಮಕ್ಕಳಿಗೆ ಕೆಲಸದಲ್ಲಿ ಮೊದಲ ಅವಕಾಶ ಬೇಕೆಂಬ ಬೇಡಿಕೆಯನ್ನು ವಲಸೆ ಬಂದವರು ಅಸಹನೆಯಿಂದ ನೋಡಲಾಗದು. ನಜರೇತಿನ ಗುಡ್ಡದ ಕಥೆಯನ್ನು ಬಲ್ಲವರಿಗೆ ಆ ಬೇಡಿಕೆಯ ನ್ಯಾಯ ತಿಳಿಯದೆ ಇರದು.

ಆದರೂ ಕರಾವಳಿಯ ಇತಿಹಾಸದಿಂದ ವಲಸೆಯ ಕನ್ನಡ ಸಮಾಜವು ಅರಿಯಬೇಕಾದದ್ದಿದೆ. ಅದರಲ್ಲಿಯೇ ಮೂರು ವರ್ಗಗಳು ಬೇರೆ ಬೇರೆಯಾಗಿ ನಿಂತಿವೆ. ಹೋಟೆಲಿನವರಲ್ಲಿ ಹಣವಿದೆ; ಇಂಜಿನಿಯರುಗಳಲ್ಲಿ ವಿದ್ಯೆಯಿದೆ; ಕಲಬುರಗಿಯಿಂದ ಬಂದ ಕೂಲಿಯಲ್ಲಿ ದುಡಿಮೆಯಿದೆ. ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಮೊದಲ ಎರಡು ವರ್ಗಗಳು ಕೂಡುತ್ತವೆ. ಮೂರನೆಯದು ಸಾಮಾನ್ಯವಾಗಿ ಅಲ್ಲಿ ಕಾಣುವುದಿಲ್ಲ. ಕಟ್ಟಡದ ಕೂಲಿಯ ಮಗನಿಗೆ ವಿದ್ಯುತ್ತಿನ ಕೆಲಸ, ಬೆಸುಗೆ, ಯಂತ್ರದ ದುರಸ್ತಿ ಇವುಗಳಲ್ಲಿ ಒಂದು ಕಸುಬನ್ನು ಕಲಿಸುವುದಕ್ಕೂ, ಕಲಿತವನು ಚಿಕ್ಕ ಅಂಗಡಿಯನ್ನು ತೆರೆಯುವುದಕ್ಕೆ ಬೇಕಾದ ಸಾಲವನ್ನು ಸಹಕಾರಿ ಪತ್ತಿನ ಸಂಘದಿಂದ ಒದಗಿಸುವುದಕ್ಕೂ ಅಪಾರ ಧನ ಬೇಕಿಲ್ಲ. ತಳೇಗಾಂವದ ಕಾರ್ಖಾನೆ ಆರಂಭವಾದದ್ದು ಒಂದೊಂದು ಪೈಸೆಯಿಂದ. ಉಡುಪಿಯ ಬ್ಯಾಂಕಿನ ಮೊದಲ ದಿನದ ಗಂಟು ನಲವತ್ತು ರೂಪಾಯಿಗಿಂತ ಕಡಿಮೆ.

ಕೈಗಾರಿಕೆಯು ಒಂದು ಊರಿಗೆ ಬಂದಿತೆಂದರೆ ಅಲ್ಲಿನ ಸಮಾಜ ಬೆಳೆಯಿತೆಂದು ಎಣಿಸುವುದು ವಾಡಿಕೆ. ಆ ಎಣಿಕೆಯಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತೆಂಬ ಅಂಕಿಯೊಂದೇ ಸಾಲದು. ಕೆಲಸ ನಿಂತ ದಿನ ಅವರ ಕೈಯಲ್ಲಿ ಏನು ಉಳಿಯಿತು ಎಂಬುದನ್ನೂ ಕೇಳಬೇಕು. ೧೯೧೪ರಲ್ಲಿ ಮಂಗಳೂರಿನವರಿಗೂ, ೧೯೯೪ರ ತರುವಾಯ ಗೆಲಿಲಿಯ ಹೆಂಗಸರಿಗೂ, ೨೦೨೦ರಲ್ಲಿ ತಳೇಗಾಂವದ ಕಾರ್ಮಿಕರಿಗೂ ಈ ಪ್ರಶ್ನೆ ಎದುರಾಯಿತು. ಬೇರೆ ಕಡೆಗೆ ಒಯ್ಯಬಲ್ಲ ಕಸುಬೂ ತಮ್ಮದೆನ್ನುವ ಅಲ್ಪ ಬಂಡವಾಳವೂ ಇದ್ದವರು ತಡೆದುಕೊಂಡರು. ಮುಂದೆ ಇಂಥ ದಿನ ಬಂದಾಗ ತಮ್ಮವರು ಯಾವ ಸ್ಥಿತಿಯಲ್ಲಿರಬೇಕೆಂಬುದನ್ನು ಹೊರನಾಡಿನ ಕನ್ನಡ ಸಂಘಗಳು ಈಗಲೇ ವಿಚಾರಿಸುವುದು ಯುಕ್ತ.